ಸುಂಕದ ಹಡಗು ಹ್ಯಾರಿಯೆಟ್ ಲೇನ್: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಹಡಗಿನ ಬಗ್ಗೆ ಕೇಳುವವರೆಲ್ಲ ಮೊದಲು ಕೇಳುವುದು ಅಮೆರಿಕದ ಅಂತರ್ಯುದ್ಧದ ಬಗ್ಗೆ. ಅದು ಸಹಜ, ಆ ಯುದ್ಧದಲ್ಲಿ ಇದು ಪಟ್ಟ ಪಾಡು ಅಷ್ಟಿದೆ. ಆದರೆ ಇದು ಯುದ್ಧಕ್ಕೆ ಅಂತ ಕಟ್ಟಿದ ಹಡಗೇ ಅಲ್ಲ. ಸುಂಕ ಕಾಯಲು ಕಟ್ಟಿದ್ದು. ಈ ಒಂದು ಮಾತನ್ನು ನೆನಪಿಟ್ಟುಕೊಂಡು ಮುಂದಿನದನ್ನು ಓದಿ.

ರೆವೆನ್ಯೂ ಕಟ್ಟರ್ ಅಂದರೆ ಏನು?

ಸುಂಕದವರ ಹಡಗು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅಂತ ನಮ್ಮಲ್ಲಿ ಗಾದೆ ಇದೆಯಲ್ಲ, ಆ ಸುಂಕದವನು ಕಟ್ಟೆಯಲ್ಲಿ ಕೂರುವುದು ಬಿಟ್ಟು ಹಾಯಿ ಬಿಚ್ಚಿಕೊಂಡು ಬಂದರಿನ ಬಾಯಿಗೇ ಹೋಗಿ ಕಾದು ನಿಂತರೆ ಹೇಗಿರುತ್ತದೋ ಹಾಗೆ. ಒಳಗೆ ಬರುವ ಪ್ರತಿ ಹಡಗನ್ನೂ ನಿಲ್ಲಿಸಬೇಕು, ಹತ್ತಿ ನೋಡಬೇಕು, ಯಾವ ಮಾಲು ಎಷ್ಟಿದೆ ಅಂತ ಕಾಗದ ಪತ್ರ ತಾಳೆ ಹಾಕಬೇಕು, ಕದ್ದು ಸಾಗಿಸುವವರನ್ನು ಹಿಡಿಯಬೇಕು.

ಅಮೆರಿಕ ಆಗಷ್ಟೇ ಸ್ವತಂತ್ರವಾಗಿತ್ತು, ಮೈತುಂಬ ಸಾಲ ಇತ್ತು. ಸರ್ಕಾರದ ಆದಾಯ ಅಂದರೆ ಹೆಚ್ಚುಕಮ್ಮಿ ಆಮದು ಸುಂಕವೇ. ಬ್ರಿಟಿಷರಿಗೆ ಸುಂಕ ತಪ್ಪಿಸುವುದನ್ನೇ ದೇಶಭಕ್ತಿ ಅಂದುಕೊಂಡಿದ್ದ ವರ್ತಕರು ಈಗ ತಮ್ಮದೇ ಸರ್ಕಾರಕ್ಕೂ ಕಟ್ಟಲು ಒಲ್ಲೆ ಅಂದರೆ ಬೊಕ್ಕಸದ ಗತಿ ಏನು? ಅದಕ್ಕೇ ಖಜಾನೆಯ ಹೊಣೆ ಹೊತ್ತಿದ್ದ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಕೇಳಿದರು, 1790ರ ಆಗಸ್ಟ್ 4ರಂದು ಕಾನೂನು ಬಂತು: 10 ದೋಣಿ, ಎಲ್ಲ ಸೇರಿ ಖರ್ಚು 10,000 ಡಾಲರ್ ಮೀರಬಾರದು. ಒಂದೊಂದರಲ್ಲಿ ಒಬ್ಬ ನಾಯಕ, ಮೂವರವರೆಗೆ ಸಹಾಯಕರು, ನಾಲ್ವರು ನಾವಿಕರು, ಇಬ್ಬರು ಹುಡುಗರು. ಇಷ್ಟೇ ಜನ! ಆಗ ಅಮೆರಿಕಕ್ಕೆ ನೌಕಾಪಡೆಯೇ ಇರಲಿಲ್ಲ. ಸ್ವಾತಂತ್ರ್ಯ ಸಮರದ ಕಾಲದ್ದನ್ನು 1785ರಲ್ಲೇ ಮುಚ್ಚಿದ್ದರು, ನೌಕಾ ಇಲಾಖೆ ಮತ್ತೆ ಬಂದಿದ್ದು 1798ರಲ್ಲಿ. 1790ರ ಕಾನೂನಿನಿಂದ ಅಲ್ಲಿಯವರೆಗೆ ಸರ್ಕಾರದ ಕೈಲಿ ನೀರಿನ ಮೇಲೆ ಇದ್ದದ್ದು ಹೆಚ್ಚುಕಮ್ಮಿ ಈ ಸುಂಕದ ದೋಣಿಗಳು ಮಾತ್ರ.

ಅಷ್ಟು ಹಳೆಯ ದೋಣಿಗಳಿರುವಾಗ ಹ್ಯಾರಿಯೆಟ್ ಲೇನ್ ಬಗ್ಗೆಯೇ ಯಾಕೆ?

ಮೊದಲ ಹತ್ತು ದೋಣಿಗಳ ಬಗ್ಗೆ ಉಳಿದಿರುವ ಕಾಗದ ಕಡಿಮೆ. ಹ್ಯಾರಿಯೆಟ್ ಲೇನ್ ಬಂದಿದ್ದು ಅವುಗಳ ಮೊಮ್ಮಕ್ಕಳ ಕಾಲದಲ್ಲಿ, ಆದರೂ ಹಾಯಿ ಹೋಗಿ ಉಗಿ ಬರುತ್ತಿದ್ದ ಹೊತ್ತಿನಲ್ಲಿ ಎರಡನ್ನೂ ಹೊತ್ತು ನಡೆದ ಹಡಗು ಇದು. 1840ರ ದಶಕದಲ್ಲಿ ಸುಂಕದವರು ಕಬ್ಬಿಣದ ಉಗಿ ಹಡಗುಗಳನ್ನು ಕಟ್ಟಿಸಿ ಕೈ ಸುಟ್ಟುಕೊಂಡಿದ್ದರು. ನೀರೊಳಗೆ ಅಡ್ಡಡ್ಡ ತಿರುಗುವ ಚಕ್ರ ಹಾಕಿದ್ದರು, ಅದು ಇದ್ದಬದ್ದ ಶಕ್ತಿಯನ್ನೆಲ್ಲ ತಿಂದು ಹಾಕುತ್ತಿತ್ತು. ಅಲ್ಲಿಂದ ಮತ್ತೆ ಹಾಯಿಗೇ ವಾಪಸ್. ಆ ಪೆಟ್ಟು ತಿಂದ ಮೇಲೂ ಇನ್ನೊಮ್ಮೆ ಉಗಿಗೆ ಕೈ ಹಾಕಿ ಗೆದ್ದಿದ್ದು ಈ ಹಡಗಿನಲ್ಲಿ.

ಹಡಗು ನೋಡಲು ಹೇಗಿತ್ತು?

ಮರದ ಮೈ, ತಳಕ್ಕೆ ತಾಮ್ರದ ತಗಡು. ಉದ್ದ ಸುಮಾರು 180 ಅಡಿ, ಅಗಲ 30 ಅಡಿ. ಎರಡು ಹಾಯಿಕಂಬ, ನಡುವೆ ಹೊಗೆ ಕೊಳವೆ, ಎರಡೂ ಪಕ್ಕೆಗೆ ನೀರು ತುಳಿಯುವ ದೊಡ್ಡ ಚಕ್ರ. ಕಟ್ಟಿದ್ದು ನ್ಯೂಯಾರ್ಕಿನ ವಿಲಿಯಂ ವೆಬ್, ಆ ಕಾಲದ ಹೆಸರಾಂತ ಹಡಗು ಕಟ್ಟುವವರು. 1857ರ ನವೆಂಬರ್‌ನಲ್ಲಿ ನೀರಿಗಿಳಿಯಿತು, ಮರುವರ್ಷ ಫೆಬ್ರವರಿಯಲ್ಲಿ ಕೆಲಸಕ್ಕೆ ಸೇರಿತು. ಪಕ್ಕೆಯ ಆ ಚಕ್ರಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಅದೇ ಇದಕ್ಕೆ ಮುಳುವಾಯಿತು.

ಹೆಸರು ಯಾರದು?

ಅಧ್ಯಕ್ಷ ಜೇಮ್ಸ್ ಬುಕಾನನ್ ಅವರ ಅಕ್ಕತಂಗಿಯರಲ್ಲಿ ಒಬ್ಬರ ಮಗಳು ಹ್ಯಾರಿಯೆಟ್ ಲೇನ್. ಚಿಕ್ಕವಳಿದ್ದಾಗಲೇ ಅಪ್ಪ ಅಮ್ಮ ತೀರಿಕೊಂಡರು, ಸೋದರಮಾವನೇ ಸಾಕಿದರು. ಬುಕಾನನ್ ಮದುವೆ ಆಗಿರಲಿಲ್ಲ, ಹಾಗಾಗಿ 1857ರಲ್ಲಿ ಮಾವ ಅಧ್ಯಕ್ಷರಾದಾಗ ಶ್ವೇತಭವನದ ಯಜಮಾನಿಕೆ ಈ ಸೊಸೆಯ ಪಾಲಿಗೆ ಬಂತು. ಆಗ ಆಕೆಗೆ 26, 27 ವರ್ಷ.

ಸುಂಕದ ಹಡಗು ಪರಾಗ್ವೆಗೆ ಯಾಕೆ ಹೋಯಿತು?

1855ರಲ್ಲಿ ಪರಾನಾ ನದಿಯಲ್ಲಿ ಅಳತೆ ಮಾಡುತ್ತಿದ್ದ ವಾಟರ್ ವಿಚ್ ಅನ್ನುವ ಅಮೆರಿಕದ ಹಡಗಿನ ಮೇಲೆ ಪರಾಗ್ವೆಯ ಕೋಟೆಯಿಂದ ಗುಂಡು ಬಿತ್ತು, ಚುಕ್ಕಾಣಿ ಹಿಡಿದಿದ್ದವನು ಸತ್ತ. ಅದಕ್ಕೆ ಉತ್ತರ ಕೇಳಲು 1858ರಲ್ಲಿ ಶೂಬ್ರಿಕ್ ಅನ್ನುವ ಹಿರಿಯ ಅಧಿಕಾರಿಯ ಕೈಕೆಳಗೆ 19 ಹಡಗು ಹೊರಟವು. ನೌಕಾಪಡೆಯ ಬಳಿ ನದಿಯಲ್ಲಿ ಸಲೀಸಾಗಿ ಓಡಾಡುವ ಉಗಿ ಹಡಗು ಸಾಲದೆ ಖಜಾನೆಯವರಿಂದ ಇದನ್ನು ಕೇಳಿ ತಗೊಂಡರು. ನಾಯಕ ಜಾನ್ ಫಾನ್ಸ್. ಅಲ್ಲಿ ಇದರ ಕೆಲಸ ಏನು ಗೊತ್ತಾ? ಬೇರೆ ಹಡಗುಗಳು ನದಿಯ ಮರಳಿನಲ್ಲಿ ಹೂತು ಕೂತಾಗ ಹಗ್ಗ ಕಟ್ಟಿ ಎಳೆಯುವುದು. ಶೂಬ್ರಿಕ್ ಆ ಕೆಲಸವನ್ನು ವರದಿಯಲ್ಲಿ ಮನಸಾರೆ ಹೊಗಳಿದರು. ಕೊನೆಗೆ ಯುದ್ಧವಾಗಲಿಲ್ಲ, ಪರಾಗ್ವೆ ಕ್ಷಮೆ ಕೇಳಿ ಸತ್ತವನ ಮನೆಯವರಿಗೆ 10,000 ಡಾಲರ್ ಕೊಟ್ಟಿತು.

ಬ್ರಿಟನ್ನಿನ ಯುವರಾಜ ಇದರಲ್ಲಿ ಬಂದಿದ್ದು ನಿಜವಾ?

ನಿಜ. 1860ರ ಅಕ್ಟೋಬರ್‌ನಲ್ಲಿ ಮುಂದೆ ಏಳನೇ ಎಡ್ವರ್ಡ್ ಆದ ಯುವರಾಜ ವಾಷಿಂಗ್ಟನ್ನಿಗೆ ಬಂದಾಗ, ಬುಕಾನನ್ ಮತ್ತು ಹ್ಯಾರಿಯೆಟ್ ಲೇನ್ ಅವರ ಜೊತೆ ಇದೇ ಹಡಗು ಅವರನ್ನು ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಅವರ ಮನೆ ಇದ್ದ ಮೌಂಟ್ ವರ್ನನ್‌ಗೆ ಕರೆದುಕೊಂಡು ಹೋಯಿತು. ಮೂರನೇ ಜಾರ್ಜ್‌ನ ಮರಿಮಗ, ಆ ಜಾರ್ಜ್‌ನ ಕೈಯಿಂದ ದೇಶ ಕಿತ್ತುಕೊಂಡ ವಾಷಿಂಗ್ಟನ್ ಅವರ ಸಮಾಧಿಯ ಮುಂದೆ ಹೋಗಿ ನಿಂತ.

ಅಂತರ್ಯುದ್ಧದ ಮೊದಲ ಗುಂಡು ಹಾರಿಸಿದ್ದು ಇದೇ ಹಡಗಾ?

ಸ್ವಲ್ಪ ಬಿಡಿಸಿ ಹೇಳಬೇಕು. ಒಕ್ಕೂಟ ಬಿಟ್ಟು ಹೊರಟ ದಕ್ಷಿಣದ ರಾಜ್ಯಗಳಿಗೂ ಲಿಂಕನ್ ಅವರ ಒಕ್ಕೂಟ ಸರ್ಕಾರಕ್ಕೂ, ಅಂದರೆ ಉತ್ತರದವರಿಗೂ, ನಡೆದ ಯುದ್ಧ ಇದು. ನಮ್ಮ ಹಡಗು ಉತ್ತರದವರದು. ಯುದ್ಧದ ಮೊದಲ ಗುಂಡು ಅಲ್ಲ, ಆ ಯುದ್ಧದಲ್ಲಿ ಒಂದು ಹಡಗಿನಿಂದ ಹಾರಿದ ಮೊದಲ ಗುಂಡು ಅಂತ ಸಾಮಾನ್ಯವಾಗಿ ಒಪ್ಪುತ್ತಾರೆ. 1861ರ ಜನವರಿಯಲ್ಲೇ ಚಾರ್ಲ್ಸ್‌ಟನ್ ದಡದಿಂದ ಸ್ಟಾರ್ ಆಫ್ ದ ವೆಸ್ಟ್ ಅನ್ನುವ ಹಡಗಿನ ಮೇಲೆ ಗುಂಡು ಹಾರಿತ್ತು, ಆದರೆ ಅದು ನೆಲದಿಂದ ಹಾರಿದ್ದು.

ಆಗ ಚಾರ್ಲ್ಸ್‌ಟನ್ ಬಂದರಿನ ಬಾಯಲ್ಲಿರುವ ಫೋರ್ಟ್ ಸಮ್ಟರ್ ಕೋಟೆಯಲ್ಲಿ ಉತ್ತರದ ಮೇಜರ್ ಆಂಡರ್ಸನ್ ಮತ್ತವರ ಜನ ಅನ್ನ ಮುಗಿಯುತ್ತಾ ಕೂತಿದ್ದರು. ಅವರಿಗೆ ದಿನಸಿ ತಲುಪಿಸಲು ಗಸ್ಟಾವಸ್ ಫಾಕ್ಸ್ ಕೆಲವು ಹಡಗು ಕಟ್ಟಿಕೊಂಡು ಹೊರಟರು. ಹ್ಯಾರಿಯೆಟ್ ಲೇನ್ ಅನ್ನು ಮತ್ತೆ ನೌಕಾಪಡೆ ಎರವಲು ತಗೊಂಡಿತ್ತು. ನಾಯಕ ಅದೇ ಫಾನ್ಸ್, ಜನವೂ ಅದೇ ಸುಂಕದ ಜನ. ಏಪ್ರಿಲ್ 11ರಂದು ಚಾರ್ಲ್ಸ್‌ಟನ್ ಹೊರಗೆ ಬಂದು ನಿಂತರು. ಸಮುದ್ರ ಕೆರಳಿತ್ತು.

ಹಾಗೆ ನಿಂತಿರುವಾಗ ಒಂದು ಉಗಿ ಹಡಗು ಬಾವುಟ ಇಲ್ಲದೆ ಬಂದರಿನ ಕಡೆ ಬಂತು. ಅದರ ಹೆಸರು ನ್ಯಾಶ್‌ವಿಲ್. ಬಾವುಟ ಇಲ್ಲ ಅಂದರೆ ಯಾರ ಕಡೆಯವರು ಅಂತ ಗೊತ್ತಾಗುವುದು ಹೇಗೆ? ಹ್ಯಾರಿಯೆಟ್ ಲೇನ್‌ನಿಂದ ಒಂದು ಗುಂಡು ಹಾರಿತು, ಹಡಗಿಗಲ್ಲ, ಅದರ ಮೂತಿಯ ಮುಂದಿನ ನೀರಿಗೆ. ನ್ಯಾಶ್‌ವಿಲ್ ಸರ್ರನೆ ಅಮೆರಿಕದ ಬಾವುಟ ಏರಿಸಿತು. ಇವರು ಬಿಟ್ಟರು. ಅಷ್ಟೇ ನಡೆದದ್ದು.

ಇದನ್ನು ಯುದ್ಧದ ಗುಂಡು ಅಂತ ಓದುವುದು ನನಗೆ ಸರಿ ಕಾಣುವುದಿಲ್ಲ. ನಿಲ್ಲು, ನೀನು ಯಾರು, ಬಾವುಟ ತೋರಿಸು ಅನ್ನುವುದು ಸುಂಕದ ಹಡಗಿನ ದಿನನಿತ್ಯದ ಮಾತು. 1790ರ ದಶಕದಿಂದ ಇವರು ಅದನ್ನೇ ಮಾಡುತ್ತಾ ಬಂದವರು. ಆ ದಿನವೂ ಮಾಡಿದ್ದು ಅದನ್ನೇ. ಸುತ್ತಲಿನ ದೇಶ ಒಡೆದು ಹೋಗುತ್ತಿತ್ತು ಅನ್ನುವ ಕಾರಣಕ್ಕೆ ಅದು ಚರಿತ್ರೆಗೆ ಸೇರಿತು. ಬಿಟ್ಟು ಕಳಿಸಿದ ಆ ನ್ಯಾಶ್‌ವಿಲ್ ಮುಂದೆ ದಕ್ಷಿಣದವರ ಕೈ ಸೇರಿ, ಅದೇ ವರ್ಷ ನವೆಂಬರ್‌ನಲ್ಲಿ ಉತ್ತರದವರ ವ್ಯಾಪಾರಿ ಹಡಗೊಂದನ್ನು ಸುಟ್ಟು ಹಾಕಿತು.

ಕೋಟೆಗೆ ದಿನಸಿ ತಲುಪಲೇ ಇಲ್ಲ. ಏಪ್ರಿಲ್ 12ರ ಬೆಳಗಿನ ಜಾವ ಶುರುವಾದ ಗುಂಡಿನ ಮಳೆ ಸುಮಾರು 34 ಗಂಟೆ ಸುರಿಯಿತು, 13ಕ್ಕೆ ಕೋಟೆ ಶರಣಾಯಿತು. ಇವರು ಹೊರಗೆ ನಿಂತು ನೋಡಬೇಕಾಯಿತು.

ಆಮೇಲೆ ಎಲ್ಲೆಲ್ಲಿ ಹೋರಾಡಿತು?

1861ರ ಜೂನ್‌ನಲ್ಲಿ ವರ್ಜೀನಿಯಾದ ಪಿಗ್ ಪಾಯಿಂಟ್‌ನಲ್ಲಿ ದಡದ ತೋಪುಗಳ ಜೊತೆ ಸೆಣಸಿತು, ಕೆಲವರಿಗೆ ಗಾಯವಾಯಿತು. ಆಗಸ್ಟ್ ಕೊನೆಯಲ್ಲಿ ಉತ್ತರ ಕೆರೊಲಿನಾದ ಹ್ಯಾಟೆರಸ್‌ನಲ್ಲಿ ಎರಡು ಕೋಟೆ ಹಿಡಿಯುವಾಗ ಅಳಿವೆ ಬಾಯಿಗೆ ನುಗ್ಗಲು ಹೋಗಿ ಮರಳಿಗೆ ಕಚ್ಚಿಕೊಂಡಿತು. ಬೇರೆಯವರನ್ನು ಮರಳಿನಿಂದ ಎಳೆದ ಹಡಗು ಈಗ ತಾನೇ ಸಿಕ್ಕಿಬಿತ್ತು. ತೋಪು, ಗುಂಡು, ಕಲ್ಲಿದ್ದಲು ಎಲ್ಲ ನೀರಿಗೆ ಎಸೆದು ಹಗುರ ಮಾಡಿದ ಮೇಲೆ ಮೇಲೆದ್ದಿತು. ಆ ಸೆಪ್ಟೆಂಬರ್‌ನಲ್ಲಿ ಎರವಲು ಹೋಗಿ ಪೂರ್ತಿ ನೌಕಾಪಡೆಯ ಸ್ವತ್ತಾಯಿತು. 1862ರ ಫೆಬ್ರವರಿಯಲ್ಲಿ ಜೋನಾಥನ್ ವೇನ್‌ರೈಟ್ ನಾಯಕರಾಗಿ ಬಂದರು.

ನ್ಯೂ ಆರ್ಲಿಯನ್ಸ್ ಕಡೆ ಹೋಗುವಾಗ ಇದು ಉತ್ತರದ ನೌಕಾ ಅಧಿಕಾರಿ ಪೋರ್ಟರ್ ಅವರ ಮಾರ್ಟರ್ ದೋಣಿಗಳ, ಅಂದರೆ ಗುಂಡನ್ನು ಮೇಲಕ್ಕೆ ಚಿಮ್ಮಿಸಿ ಕೋಟೆಯೊಳಗೆ ಬೀಳಿಸುವ ಗಿಡ್ಡ ತೋಪು ಹೊತ್ತ ದೋಣಿಗಳ, ಗುಂಪಿನ ಮುಂದಾಳು ಹಡಗು. ಮಿಸಿಸಿಪ್ಪಿ ನದಿಯ ಆಚೆ ಈಚೆ ಎರಡು ಕೋಟೆ, ಜಾಕ್ಸನ್ ಮತ್ತು ಸೇಂಟ್ ಫಿಲಿಪ್. ಏಪ್ರಿಲ್ 18ರಿಂದ ದಿನಗಟ್ಟಲೆ ಅವುಗಳ ಮೇಲೆ ಗುಂಡು ಸುರಿಸಿದರು. 24ರ ನಸುಕಿನಲ್ಲಿ ಉತ್ತರದ ನೌಕಾ ದಂಡಿನ ಮುಖ್ಯಸ್ಥ ಫ್ಯಾರಗಟ್ ಅವರ ಹಡಗುಗಳು ಕೋಟೆಗಳನ್ನು ದಾಟಿ ಮೇಲಕ್ಕೆ ಹೋದವು. 28ಕ್ಕೆ ಕೋಟೆಯವರು ಶರಣಾಗಲು ಒಪ್ಪಿ ಬಂದು ಕೂತಿದ್ದು ಹ್ಯಾರಿಯೆಟ್ ಲೇನ್‌ನ ಕೋಣೆಯಲ್ಲಿ.

ಆ ಹೊತ್ತು ಮೈ ಜುಮ್ಮೆನ್ನಿಸುವಂಥದ್ದು. ಒಳಗೆ ಎರಡೂ ಕಡೆಯವರು ಮೇಜಿನ ಸುತ್ತ ಕೂತಿದ್ದಾರೆ, ಮುಂದೆ ಶರಣಾಗತಿ ಪತ್ರ. ಅಷ್ಟರಲ್ಲಿ ಹೊರಗಿನಿಂದ ಸುದ್ದಿ, ದಕ್ಷಿಣದವರ ಲೂಯಿಸಿಯಾನ ಅನ್ನುವ ಕಬ್ಬಿಣ ಹೊದಿಸಿದ ಹಡಗು ಬೆಂಕಿ ಹತ್ತಿಕೊಂಡು ನದಿಯಲ್ಲಿ ತೇಲಿ ಬರುತ್ತಿದೆ. ಅದರ ತುಂಬ ಮದ್ದು. ಕೋಟೆಯ ಅಧಿಕಾರಿಗಳ ಹಿಡಿತಕ್ಕೆ ಆ ಹಡಗು ಸೇರಿರಲಿಲ್ಲ, ಅದರವರು ತಾವೇ ಬೆಂಕಿ ಹಚ್ಚಿ ಬಿಟ್ಟಿದ್ದರು. ಕೋಟೆ ಸೇಂಟ್ ಫಿಲಿಪ್ ಹತ್ತಿರ ಅದು ಸಿಡಿಯಿತು. ಸಿಡಿತದ ಅಲೆಗೆ ಈ ಹಡಗೂ ಅಲುಗಾಡಿತು. ಸಹಿ ಹಾಕುವ ಕೆಲಸ ಮಾತ್ರ ನಿಲ್ಲಲಿಲ್ಲ.

ಗ್ಯಾಲ್ವೆಸ್ಟನ್‌ನಲ್ಲಿ ಏನಾಯಿತು?

ಟೆಕ್ಸಸ್ ಕರಾವಳಿಯ ಗ್ಯಾಲ್ವೆಸ್ಟನ್ ಬಂದರನ್ನು 1862ರ ಅಕ್ಟೋಬರ್‌ನಲ್ಲಿ ಉತ್ತರದವರು ಜಾಸ್ತಿ ಕಷ್ಟಪಡದೆ ಹಿಡಿದರು. ನಾಯಕ ರೆನ್‌ಶಾ, ಅವರ ಹಡಗು ವೆಸ್ಟ್‌ಫೀಲ್ಡ್. ಹ್ಯಾರಿಯೆಟ್ ಲೇನ್ ಊರಿನ ಧಕ್ಕೆಯ ಹತ್ತಿರ ಇಕ್ಕಟ್ಟಾದ ಕಾಲುವೆಯಲ್ಲಿ ಲಂಗರು ಹಾಕಿತ್ತು. ದಡದಲ್ಲಿ ಕಾಯಲು ಇದ್ದ ಸೈನಿಕರು ಮುನ್ನೂರು ಜನವೂ ಇಲ್ಲ.

ದಕ್ಷಿಣದ ಜನರಲ್ ಮಗ್ರೂಡರ್ ಎರಡು ನದಿ ದೋಣಿ ತಗೊಂಡು, ಅವುಗಳ ಅಂಚಿಗೆ ಹತ್ತಿ ಅಂಡಿಗೆಗಳನ್ನು ಗೋಡೆಯ ಹಾಗೆ ಪೇರಿಸಿದರು. ಬಯೂ ಸಿಟಿ ಮತ್ತು ನೆಪ್ಚೂನ್. ಗಟ್ಟಿಯಾಗಿ ಬಿಗಿದ ಅಂಡಿಗೆ ಬಂದೂಕಿನ ಗುಂಡನ್ನು ತಡೆಯುತ್ತದೆ, ತೋಪಿನ ಗುಂಡನ್ನಲ್ಲ. ಹಾಗಾಗಿ ಅವರ ಲೆಕ್ಕ ಒಂದೇ: ಹತ್ತಿರ ಹೋಗಬೇಕು, ಗುದ್ದಬೇಕು, ಹತ್ತಬೇಕು.

1863ರ ಜನವರಿ 1, ಇನ್ನೂ ಕತ್ತಲು. ಮೊದಲು ದಡದಿಂದ ತೋಪು ಶುರುವಾಯಿತು. ಬೆಳಕು ಹರಿಯುವ ಹೊತ್ತಿಗೆ ಎರಡೂ ದೋಣಿ ಬಂದವು. ನೆಪ್ಚೂನ್ ಪೆಟ್ಟು ತಿಂದು ಕಡಿಮೆ ನೀರಿನಲ್ಲಿ ಕುಸಿದು ಕೂತಿತು. ಬಯೂ ಸಿಟಿ ಬಿಡಲಿಲ್ಲ, ಸುತ್ತಿ ಬಂದು ಹ್ಯಾರಿಯೆಟ್ ಲೇನ್‌ನ ಪಕ್ಕೆಯ ಚಕ್ರಕ್ಕೇ ಗುದ್ದಿತು. ಗುದ್ದಿದ ರಭಸಕ್ಕೆ ಅದರ ಮೂತಿ ಚಕ್ರದೊಳಗೆ ಸಿಕ್ಕಿಕೊಂಡಿತು, ಎರಡೂ ಹಡಗು ಬೇರೆಯಾಗಲು ಬಾರದ ಹಾಗೆ ಕಚ್ಚಿಕೊಂಡವು. ದಕ್ಷಿಣದವರು ಹತ್ತಿ ಬಂದರು. ವೇನ್‌ರೈಟ್ ತಮ್ಮ ಹಡಗಿನ ಮೇಲೆಯೇ ಸತ್ತರು. ಅವರ ನಂತರದ ಅಧಿಕಾರಿ ಎಡ್ವರ್ಡ್ ಲೀ ಬದುಕುಳಿಯಲಾರದಷ್ಟು ಗಾಯಗೊಂಡು ಬಿದ್ದರು. ಹಡಗು ಕೈಬಿಟ್ಟು ಹೋಯಿತು.

ವೆಸ್ಟ್‌ಫೀಲ್ಡ್ ಮರಳಿಗೆ ಕಚ್ಚಿಕೊಂಡಿತ್ತು. ಶತ್ರುವಿಗೆ ಸಿಗಬಾರದು ಅಂತ ರೆನ್‌ಶಾ ಅದಕ್ಕೆ ಮದ್ದು ಇಟ್ಟರು. ಅದು ಹೊತ್ತಿಗೆ ಮುಂಚೆಯೇ ಸಿಡಿದು ಅವರೂ ಅವರ ಜೊತೆಗಿದ್ದವರೂ ಹೋದರು. ಉಳಿದ ಹಡಗುಗಳು ಬಂದರು ಬಿಟ್ಟು ಹೊರಟವು. ಆಮೇಲೆ ಯುದ್ಧ ಮುಗಿಯುವ ತನಕ ಗ್ಯಾಲ್ವೆಸ್ಟನ್ ದಕ್ಷಿಣದವರ ಕೈಲೇ ಇತ್ತು. 1865ರ ಜೂನ್ 19ರಂದು ಟೆಕ್ಸಸ್‌ನ ಗುಲಾಮರಿಗೆ ನೀವು ಸ್ವತಂತ್ರರು ಅಂತ ಸಾರಿದ್ದು ಇದೇ ಊರಿನಲ್ಲಿ.

ಅಪ್ಪ ಮಗನ ಕಥೆ ನಿಜವಾ, ಕಟ್ಟುಕಥೆಯಾ?

ನಿಜ. ಎಡ್ವರ್ಡ್ ಲೀ ಅವರ ಅಪ್ಪ ಆಲ್ಬರ್ಟ್ ಮಿಲ್ಲರ್ ಲೀ ದಕ್ಷಿಣದ ಸೇನೆಯಲ್ಲಿ ಮೇಜರ್. ಆ ಬೆಳಗ್ಗೆ ಅದೇ ಊರಿನಲ್ಲಿ, ಮಗ್ರೂಡರ್ ಅವರ ಜೊತೆಗೇ ಇದ್ದರು. ಮಗ ಆ ಹಡಗಿನಲ್ಲಿದ್ದಾನೆ ಅಂತ ಗೊತ್ತಿತ್ತು. ಗುಂಡು ನಿಂತ ಮೇಲೆ ಹಡಗು ಹತ್ತಿ ಹೋದರೆ ಮಗ ಅಲ್ಲಿ ಬಿದ್ದಿದ್ದ. ಮಗನನ್ನು ಸಾಗಿಸಲು ಏರ್ಪಾಡು ಮಾಡಿ ಬರುತ್ತೇನೆ ಅಂತ ಅಪ್ಪ ದಡಕ್ಕೆ ಹೋದರು. ಅವರು ವಾಪಸ್ ಬರುವಷ್ಟರಲ್ಲಿ ಜೀವ ಹೋಗಿತ್ತು. ಹೋಗುವ ಮುಂಚೆ ಆತ ಹೇಳಿದ್ದು ಮೂರು ಮಾತು: ನನ್ನಪ್ಪ ಇಲ್ಲೇ ಇದ್ದಾರೆ.

ಎಡ್ವರ್ಡ್‌ಗೆ ಆಗ 25ರ ಆಸುಪಾಸು. ಮರುದಿನ ವೇನ್‌ರೈಟ್ ಮತ್ತು ಲೀ ಇಬ್ಬರನ್ನೂ ಗ್ಯಾಲ್ವೆಸ್ಟನ್‌ನಲ್ಲಿ ಗೌರವದಿಂದ ಮಣ್ಣು ಮಾಡಿದರು, ಗೆದ್ದವರೂ ಸೋತವರೂ ಒಟ್ಟಿಗೆ ನಿಂತು. ಪ್ರಾರ್ಥನೆ ಓದಿದ್ದು ಆ ಅಪ್ಪನೇ. ಎದುರಾಳಿ ಸೇನೆಯ ಸಮವಸ್ತ್ರ ಹಾಕಿಕೊಂಡು ಸ್ವಂತ ಮಗನ ಗುಂಡಿಯ ಮುಂದೆ ನಿಂತು ಓದುವಾಗ ಆ ಮನುಷ್ಯನ ಗಂಟಲಿನಲ್ಲಿ ದನಿ ಹೇಗೆ ಹೊರಟಿತೋ, ಎಷ್ಟು ಸಲ ಓದಿದರೂ ನನಗೆ ಅಲ್ಲಿಂದ ಮುಂದಕ್ಕೆ ಹೋಗಲು ಸ್ವಲ್ಪ ಹೊತ್ತು ಬೇಕು.

ಇನ್ನೊಂದು ಸಂಗತಿ. ಎರಡನೇ ಮಹಾಯುದ್ಧದಲ್ಲಿ ಫಿಲಿಪೀನ್ಸ್‌ನ ಕೊರೆಹಿಡೋರ್‌ನಲ್ಲಿ ಜಪಾನಿಯರಿಗೆ ಸೆರೆಯಾದ ಜನರಲ್ ವೇನ್‌ರೈಟ್ ಇದ್ದರಲ್ಲ, ಅವರು ಈ ನಾಯಕನ ಮೊಮ್ಮಗ. ಹೆಸರೂ ಅದೇ, ಜೋನಾಥನ್.

ಸಿಕ್ಕಿಬಿದ್ದ ಮೇಲೆ ಹಡಗಿನ ಗತಿ?

ದಕ್ಷಿಣದವರು ಕೆಲ ಕಾಲ ಇಟ್ಟುಕೊಂಡು ಆಮೇಲೆ ಮಾರಿದರು. ತೋಪು ಕಳಚಿ, ಲವಿನಿಯಾ ಅಂತ ಹೊಸ ಹೆಸರಿಟ್ಟು, ಒಳಗೆ ಹತ್ತಿ ತುಂಬಿದರು. 1864ರ ಏಪ್ರಿಲ್ 30ರ ರಾತ್ರಿ ಗ್ಯಾಲ್ವೆಸ್ಟನ್ ಹೊರಗೆ ಕಾದು ನಿಂತ ಉತ್ತರದ ಹಡಗುಗಳ ಕಣ್ಣು ತಪ್ಪಿಸಿ ಹೊರಬಿದ್ದು ಕ್ಯೂಬಾದ ಹವಾನಾ ಸೇರಿತು. ಕದ್ದು ಮಾಲು ಸಾಗಿಸುವವರನ್ನು ಹಿಡಿಯಲು ಹುಟ್ಟಿದ ಹಡಗನ್ನೇ ಕತ್ತಲಲ್ಲಿ ಮಾಲು ದಾಟಿಸಲು ಬಳಸಿದರು ಅನ್ನುವುದು ನನಗೆ ಅದರ ಸೋಲಿಗಿಂತ ಜಾಸ್ತಿ ನೋವು ಕೊಡುತ್ತದೆ. ಹವಾನಾದಲ್ಲೇ ಅದು ಉಳಿಯಿತು. 1867ರಲ್ಲಿ ವಾಪಸ್ ತಂದರು. ಸುಂಕದ ಇಲಾಖೆ ನೋಡಿ, ಇನ್ನು ನಮ್ಮ ಕೆಲಸಕ್ಕೆ ಆಗುವುದಿಲ್ಲ ಅಂದಿತು. ಮಾರಾಟವಾಯಿತು. ಎಂಜಿನ್ ತೆಗೆದು ಬರೀ ಹಾಯಿ ಹಡಗು ಮಾಡಿ ಎಲಿಯಟ್ ರಿಚಿ ಅಂತ ಹೆಸರಿಟ್ಟರು. 1884ರ ಮೇ ತಿಂಗಳಲ್ಲಿ ಬ್ರೆಜಿಲ್‌ನ ಪೆರ್ನಾಂಬುಕೊ ಹತ್ತಿರ ನೀರು ತುಂಬಿ, ಜನ ಅದನ್ನು ಬಿಟ್ಟು ಬಂದರು.

ಹತ್ತಿಗೆ ಅಷ್ಟು ಬೆಲೆ ಯಾಕಿತ್ತು? ನಮ್ಮ ಕಡೆಗೂ ಇದಕ್ಕೂ ಸಂಬಂಧ ಇದೆಯಾ?

ಇದೆ. ಬ್ರಿಟನ್ನಿನ ಗಿರಣಿಗಳು ನಡೆಯುತ್ತಿದ್ದದ್ದು ಅಮೆರಿಕದ ದಕ್ಷಿಣದ ಹತ್ತಿಯಿಂದ. ಲಿಂಕನ್ 1861ರ ಏಪ್ರಿಲ್‌ನಲ್ಲಿ ಆ ಬಂದರುಗಳಿಗೆಲ್ಲ ದಿಗ್ಬಂಧನ ಹಾಕಿದ ಮೇಲೆ ಹತ್ತಿ ಬರುವುದು ನಿಂತಿತು, ಬೆಲೆ ಆಕಾಶಕ್ಕೆ ಏರಿತು. ಆಗ ಬ್ರಿಟಿಷರ ಕಣ್ಣು ಬಿದ್ದಿದ್ದು ಭಾರತದ ಕಡೆ, ಅದರಲ್ಲೂ ಧಾರವಾಡದ ಕಡೆ. ಅಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜ ಹಾಕಿ ಹತ್ತಿ ಬೆಳೆಸುತ್ತಿದ್ದರು, ಧಾರವಾಡ ಅಮೆರಿಕನ್ ಅಂತಲೇ ಅದಕ್ಕೆ ಹೆಸರು. ಆ ಹತ್ತಿ ಸಾಗಿಸಲು ಕಾರವಾರವನ್ನು ಬಂದರು ಮಾಡಬೇಕು ಅಂತ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಯುದ್ಧ ಮುಗಿದು ಅಮೆರಿಕದ ಹತ್ತಿ ಮತ್ತೆ ಬಂದಾಗ ಬೆಲೆ ಬಿತ್ತು.

ಮಕ್ಕಳ ಡಾಕ್ಟರುಗಳ ಕೈಪಿಡಿಗೂ ಇದೇ ಹೆಸರಲ್ವಾ?

ಹೌದು, ಅದೇ ಹ್ಯಾರಿಯೆಟ್ ಲೇನ್. ಆಕೆಯ ಇಬ್ಬರು ಗಂಡುಮಕ್ಕಳೂ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. 1903ರಲ್ಲಿ ತಾವು ಸಾಯುವಾಗ ಮಕ್ಕಳ ಆಸ್ಪತ್ರೆಗೆ ದೊಡ್ಡ ಮೊತ್ತ ಬಿಟ್ಟು ಹೋದರು. ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಆ ಹಣದ ಆಸ್ಪತ್ರೆ ಬಂತು, ಆಸ್ಪತ್ರೆಯ ಹೆಸರು ಕೈಪಿಡಿಗೆ ಬಂತು.

ಈಗ ನೋಡಲು ಏನಾದರೂ ಉಳಿದಿದೆಯಾ?

ಹಡಗಂತೂ ಇಲ್ಲ. ಹೆಸರು ಇದೆ. ಸುಂಕದ ಹಡಗುಗಳ ಆ ಇಲಾಖೆ 1915ರಲ್ಲಿ ಜೀವರಕ್ಷಕ ದಳದ ಜೊತೆ ಸೇರಿ ಕೋಸ್ಟ್ ಗಾರ್ಡ್ ಆಯಿತು. ಅವರು ಈ ಹೆಸರನ್ನು 1926ರಲ್ಲಿ ಒಂದು ಗಸ್ತು ದೋಣಿಗೆ ಇಟ್ಟರು, 1984ರಲ್ಲಿ ಸೇವೆಗೆ ಬಂದ 270 ಅಡಿಯ ಇನ್ನೊಂದು ಹಡಗಿಗೂ ಇಟ್ಟರು. ಅದು ಈಗ ಹವಾಯಿಯ ಪರ್ಲ್ ಹಾರ್ಬರ್‌ನಲ್ಲಿ ನೆಲೆಸಿ ಪೆಸಿಫಿಕ್ ಸಾಗರದಲ್ಲಿ ಓಡಾಡುತ್ತದೆ. ಹೊಸ ಹಡಗನ್ನೂ ಕಟ್ಟರ್ ಅಂತಲೇ ಕರೆಯುತ್ತಾರೆ.

ಗ್ಯಾಲ್ವೆಸ್ಟನ್‌ಗೆ ಯಾವತ್ತಾದರೂ ಹೋದರೆ ಅಲ್ಲಿನ ಎಪಿಸ್ಕೋಪಲ್ ಸ್ಮಶಾನದಲ್ಲಿ ಎಡ್ವರ್ಡ್ ಲೀ ಅವರ ಸಮಾಧಿ ಇದೆ. ಕಲ್ಲಿನ ಮೇಲೆ ಅದೇ ಮಾತು ಕೆತ್ತಿದ್ದಾರೆ: ನನ್ನಪ್ಪ ಇಲ್ಲೇ ಇದ್ದಾರೆ.